ನಿನ್ನೆ ಓಡಾಡಿದವಳು ಇವತ್ತು ಯಾಕೆ ಏಳುವುದಿಲ್ಲ?

ಆರೋಗ್ಯ ಪ್ರಶ್ನೋತ್ತರ: ಲೂಪಸ್ ಮತ್ತು ದಿನದ ಕೆಲಸ

ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಓದುಗರು ಲೂಪಸ್ ಬಗ್ಗೆ ಬರೆದ ಪತ್ರಗಳಲ್ಲಿ ಮದ್ದಿನ ಪ್ರಶ್ನೆ ಕಡಿಮೆ. ಅಡುಗೆ, ಅಂಗಳ, ಬಸ್ಸು, ಪರೀಕ್ಷೆ ಇವುಗಳ ಪ್ರಶ್ನೆಯೇ ಹೆಚ್ಚು. ಹೊಸ ಓದುಗರಿಗೆ ಇಷ್ಟು ಹೇಳಿದರೆ ಸಾಕು: ಸೋಂಕಿನ ವಿರುದ್ಧ ಹೋರಾಡಬೇಕಾದ ರೋಗನಿರೋಧಕ ವ್ಯವಸ್ಥೆ ತನ್ನ ಮೈಯ ಮೇಲೆಯೇ ತಿರುಗಿಬೀಳುವ ಕಾಯಿಲೆ ಲೂಪಸ್. ಚರ್ಮ, ಗಂಟು, ಮೂತ್ರಪಿಂಡ, ರಕ್ತ, ಶ್ವಾಸಕೋಶದ ಪೊರೆ, ಮಿದುಳು, ಎಲ್ಲಿಗೂ ತಟ್ಟಬಹುದು. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಂಗಸರು, ಅದರಲ್ಲೂ ಹೆಚ್ಚಿನವರು 15ರಿಂದ 45ರ ವಯಸ್ಸಿನವರು. ಮನೆಯ ಕೆಲಸವೆಲ್ಲ ಮೈಮೇಲೆ ಬೀಳುವ ವಯಸ್ಸು ಅದು.

ಪ್ರಶ್ನೆ: ನನ್ನ ಸೊಸೆಗೆ 29 ವರ್ಷ. ಎರಡು ವರ್ಷದಿಂದ ಲೂಪಸಿಗೆ ಮಂಗಳೂರಿನಲ್ಲಿ ಮದ್ದು ನಡೆಯುತ್ತಿದೆ. ಈಗ ರಿಪೋರ್ಟೆಲ್ಲ ಸರಿ ಇದೆ ಎನ್ನುತ್ತಾರೆ. ಮೊನ್ನೆ ನೆಂಟರ ಮದುವೆಯಲ್ಲಿ ಬೆಳಗ್ಗಿನಿಂದ ಸಂಜೆವರೆಗೆ ನಗುನಗುತ್ತಾ ಓಡಾಡಿದಳು. ಮರುದಿನ ಹನ್ನೊಂದು ಗಂಟೆಯಾದರೂ ಚಾಪೆ ಬಿಟ್ಟು ಏಳಲಿಲ್ಲ. ಬಯ್ಯಲು ಮನಸ್ಸಿಲ್ಲ. ಆದರೆ ಇದು ರೋಗವೋ ಉದಾಸೀನವೋ ತಿಳಿಯುತ್ತಿಲ್ಲ. (ಗೃಹಿಣಿ, ಬದಿಯಡ್ಕ)

ಉತ್ತರ: ಬಯ್ಯುವ ಮೊದಲು ಕೇಳಿದಿರಲ್ಲ ಅಮ್ಮ, ಅದೇ ದೊಡ್ಡದು. ಇದು ಉದಾಸೀನ ಅಲ್ಲ. ಲೂಪಸ್ ಇರುವವರು ಎಲ್ಲಕ್ಕಿಂತ ಹೆಚ್ಚಾಗಿ ಹೇಳಿಕೊಳ್ಳುವುದು ಈ ಸುಸ್ತನ್ನೇ. ಗದ್ದೆ ಕೆಲಸ ಮಾಡಿ ಬಂದ ದಣಿವು ಒಂದು ನಿದ್ದೆಗೆ ಇಳಿಯುತ್ತದೆ, ಇದು ಇಳಿಯುವುದಿಲ್ಲ. ರಿಪೋರ್ಟಿಗೂ ಇದಕ್ಕೂ ತಾಳೆ ಇರಲೇಬೇಕೆಂದಿಲ್ಲ. ರಕ್ತ, ಮೂತ್ರ ಎರಡೂ ಚೆನ್ನಾಗಿದ್ದು ಸುಸ್ತು ಮಾತ್ರ ಉಳಿಯುವುದು ಸಾಮಾನ್ಯ. ಮದುವೆಮನೆಯಲ್ಲಿ ಓಡಾಡಿದ್ದೂ ನಿಜ, ಮರುದಿನ ಏಳಲಾಗದ್ದೂ ನಿಜ. ಮರುದಿನದ ಶಕ್ತಿಯನ್ನೇ ಕೈಗಡ ತಂದು ಅವಳು ಅಲ್ಲಿ ಓಡಾಡಿದ್ದು.

ಹಾಗೆಂದು ಎಲ್ಲ ಸುಸ್ತನ್ನೂ ಲೂಪಸಿನ ತಲೆಗೆ ಕಟ್ಟುವುದು ದೊಡ್ಡ ತಪ್ಪು. ಜತೆಗೆ ಬೇರೆ ಕಾರಣ ಇರುವುದೇ ಹೆಚ್ಚು, ಮತ್ತು ಅವುಗಳಿಗೆ ಮದ್ದಿದೆ. ಹಿಮೋಗ್ಲೋಬಿನ್, ಥೈರಾಯಿಡ್, ವಿಟಮಿನ್ ಡಿ ನೋಡಿಸಿದ್ದಾರೆಯೇ? ರಾತ್ರಿ ನಿದ್ದೆ ಹೇಗಿದೆ? ಸ್ಟೀರಾಯ್ಡ್ ಮಾತ್ರೆಯನ್ನು ಸಂಜೆ ತೆಗೆದುಕೊಂಡರೆ ನಿದ್ದೆ ಕೆಡುತ್ತದೆ. ಸಾಮಾನ್ಯವಾಗಿ ಅದನ್ನು ಬೆಳಗ್ಗೆ ತಿಂಡಿಯ ನಂತರ ಕೊಡುತ್ತಾರೆ. ಮೈಯೆಲ್ಲ ಒತ್ತಿದಲ್ಲಿ ನೋವು ಇದ್ದರೆ ಫೈಬ್ರೊಮಯಾಲ್ಜಿಯ ಎಂಬ ಬೇರೆ ಮೈನೋವಿನ ಕಾಯಿಲೆ ಇರಬಹುದು, ಅದಕ್ಕೆ ಚಿಕಿತ್ಸೆ ಬೇರೆ. ಮನಸ್ಸು ಕುಗ್ಗಿರುವುದನ್ನೂ ಕೇಳಿ ನೋಡಬೇಕು. ‘ಎಲ್ಲರಿಗೂ ಹೊರೆಯಾದೆ’ ಎಂಬ ಮಾತು ಬಾಯಿಂದ ಬಂದರೆ ಅದನ್ನು ಡಾಕ್ಟರಿಗೆ ತಿಳಿಸಿ.

ಇನ್ನು ಮನೆಯಲ್ಲಿ ಮಾಡಬಹುದಾದದ್ದು. ಸುಸ್ತಾದ ಮೇಲೆ ಮಲಗುವುದಕ್ಕಿಂತ ಸುಸ್ತಾಗುವ ಮೊದಲೇ ಕೂರುವುದು ಒಳ್ಳೆಯದು. ಒಂದು ಗಂಟೆ ಕೆಲಸಕ್ಕೆ 10ರಿಂದ 15 ನಿಮಿಷ ಬಿಡುವು, ಮೈ ಚೆನ್ನಾಗಿರುವ ದಿನವೂ. ತಪ್ಪಾಗುವುದು ಇಲ್ಲಿಯೇ: ಚೆನ್ನಾಗಿರುವ ದಿನ ವಾರದ ಕೆಲಸವನ್ನೆಲ್ಲ ಮುಗಿಸಿಬಿಡೋಣ ಎಂದು ಹೊರಟು, ಮುಂದಿನ ಮೂರು ದಿನ ಮಲಗುತ್ತಾರೆ. ಬಟ್ಟೆ ಒಗೆಯುವುದು, ಹಟ್ಟಿ ತೊಳೆಯುವುದು, ಒಳಗೆ ಹೊರಗೆ ಗುಡಿಸಿ ಒರೆಸುವುದು ಒಂದೇ ದಿನಕ್ಕೆ ಬೀಳದಂತೆ ಹಂಚಿ. ಬೆಳಗ್ಗೆ ಗಂಟು ಬಿಗಿ ಇರುವ ಹೊತ್ತಿಗೇ ಹಾಲು ಕರೆಯುವ ಕೆಲಸ ಬರುತ್ತದೆ. ಬೆಳಗ್ಗಿನದ್ದನ್ನು ಮನೆಯ ಬೇರೊಬ್ಬರು ಮಾಡಿ, ಸಂಜೆಯದ್ದನ್ನು ಅವಳಿಗೆ ಬಿಡಬಹುದು. ತರಕಾರಿ ಹೆಚ್ಚಲು ಮೆಟ್ಟುಕತ್ತಿಯ ಮೇಲೆ ಕುಕ್ಕರಗಾಲಲ್ಲಿ ಕೂರುವ ಬದಲು ಮೇಜು, ಚೂರಿ. ಒಲೆಯ ಎದುರು ಎತ್ತರದ ಸ್ಟೂಲು. ಸ್ನಾನದ ಮನೆಯಲ್ಲೂ ಒಂದು ಸ್ಟೂಲು ಇರಲಿ, ನಿಂತು ಬಿಸಿನೀರು ಹೊಯ್ದುಕೊಳ್ಳುವುದರಲ್ಲೇ ಕೆಲವರ ಬೆಳಗ್ಗಿನ ಶಕ್ತಿ ಮುಗಿಯುತ್ತದೆ. ಮದುವೆ, ಜಾತ್ರೆ, ರಾತ್ರಿಯಿಡೀ ಬಯಲಾಟ ಇದ್ದರೆ ಅದರ ಹಿಂದಿನ ದಿನವನ್ನೂ ಮರುದಿನವನ್ನೂ ಖಾಲಿ ಇಡಿ. ಹೋಗುವುದೇ ಬೇಡ ಎನ್ನಬೇಡಿ.

ಪೂರ್ತಿ ಮಲಗಿಸಿಬಿಡುವುದೂ ಸರಿಯಲ್ಲ. ಸ್ನಾಯು ಸೊರಗಿ ಸುಸ್ತು ಹೆಚ್ಚುತ್ತದೆ. ಲೂಪಸಿನ ಸುಸ್ತಿಗೆ ಪರಿಣಾಮ ಕಂಡಿರುವ ಉಪಾಯಗಳಲ್ಲಿ ನಿಯಮಿತ ನಡಿಗೆಯೂ ಒಂದು. ಹೊತ್ತು ಇಳಿದ ಮೇಲೆ ದಿನಕ್ಕೆ 10 ನಿಮಿಷದಿಂದ ಶುರುಮಾಡಿ, ವಾರಕ್ಕೆ 2 ನಿಮಿಷದಂತೆ ಏರಿಸಿ 30 ನಿಮಿಷಕ್ಕೆ ತರಬಹುದು. ಮರುದಿನ ಮೈ ಹೆಚ್ಚು ಭಾರವಾದರೆ ಮೂರನೇ ಒಂದರಷ್ಟು ಇಳಿಸಿ ಮತ್ತೆ ಏರಿಸುವುದು.

ಸುಸ್ತಿನ ಜತೆ ಜ್ವರ, ಬಾಯಲ್ಲಿ ಹೊಸ ಹುಣ್ಣು, ಮುಖದಲ್ಲಿ ಕೆಂಪು, ಗಂಟು ಊದುವುದು, ಉಸಿರೆಳೆದರೆ ಎದೆ ಚುಚ್ಚುವುದು, ಕಾಲು ಬಾವು, ಮೂತ್ರದಲ್ಲಿ ನಿಲ್ಲುವ ನೊರೆ, ಇವುಗಳಲ್ಲಿ ಒಂದು ಕಂಡರೂ ರೋಗ ಕೆರಳಿರಬಹುದು. ಆಗ ಮುಂದಿನ ತಿಂಗಳ ತಾರೀಕಿಗೆ ಕಾಯಬೇಡಿ.

ಪ್ರಶ್ನೆ: ನಾನು 38ರ ಗಂಡಸು, ಅಡಿಕೆ ಕೃಷಿಕ. ಬಿಸಿಲಿಗೆ ಹೋಗಬೇಡಿ ಎಂದಿದ್ದಾರೆ. ಡಿಸೆಂಬರಿನಿಂದ ಅಂಗಳದಲ್ಲಿ ಅಡಿಕೆ ಒಣಗುತ್ತದೆ, ದಿನಾ ಹರಡಬೇಕು, ಬಲುಗಬೇಕು. ಮುಟ್ಟಾಳೆ (ಅಡಿಕೆ ಹಾಳೆಯ ಟೊಪ್ಪಿ) ಹಾಕಿಕೊಂಡರೆ ಸಾಲದೇ? (ಪೆರ್ಲ)

ಉತ್ತರ: ಸಾಲದು. ಮುಟ್ಟಾಳೆಗೆ ಅಂಚಿಲ್ಲ, ಅದು ನೆತ್ತಿಯನ್ನು ಕಾಯುತ್ತದೆ, ಮೂಗು, ಕೆನ್ನೆ, ಕಿವಿ, ಕುತ್ತಿಗೆಯನ್ನಲ್ಲ. ಲೂಪಸಿನ ಕೆಂಪು ಏಳುವುದು ಅಲ್ಲಿಯೇ. ಸುತ್ತ ನಾಲ್ಕು ಬೆರಳು ಅಗಲದ ಅಂಚಿರುವ ಟೊಪ್ಪಿ ಬೇಕು.

ಬಿಸಿಲು ಕೆರಳಿಸುವುದು ಸೆಕೆಯಿಂದ ಅಲ್ಲ, ಅತಿನೇರಳೆ ಕಿರಣದಿಂದ. ಅದು ಬಿದ್ದಾಗ ಚರ್ಮದ ಕೋಶಗಳು ಸತ್ತು ಒಳಗಿನ ವಸ್ತು ಹೊರಬರುತ್ತದೆ. ಲೂಪಸ್ ಇರುವವರ ರೋಗನಿರೋಧಕ ವ್ಯವಸ್ಥೆ ದಾಳಿಮಾಡುವುದು ಅದರ ಮೇಲೆ. ಚರ್ಮದಲ್ಲಿ ಶುರುವಾದದ್ದು ಗಂಟಿಗೂ ಮೂತ್ರಪಿಂಡಕ್ಕೂ ಹೋಗಬಹುದು. ತೊಂದರೆ ಅದೇ ದಿನ ಕಾಣಬೇಕೆಂದಿಲ್ಲ. ಕೆಲವು ದಿನ, ಕೆಲವೊಮ್ಮೆ ವಾರ ಕಳೆದು ಕಾಣುವುದರಿಂದ ‘ನನಗೆ ಬಿಸಿಲಿನಿಂದ ಏನೂ ಆಗುವುದಿಲ್ಲ’ ಎಂದು ನಂಬಿದವರು ಬಹಳ.

ನಿಮ್ಮ ಕೆಲಸಕ್ಕೆ ಹೊಂದುವಂತೆ ಹೇಳುವುದಾದರೆ: ಅಡಿಕೆ ಹರಡುವುದು, ಬಲುಗುವುದು 9ರ ಮೊದಲು ಮುಗಿಯಲಿ. ರಾಶಿ ಮಾಡಿ ಮುಚ್ಚುವುದು 4ರ ನಂತರ. ನಡುವೆ ಮಾಡಲೇಬೇಕಾದದ್ದನ್ನು ಬೇರೆಯವರಿಗೆ ಒಪ್ಪಿಸಿ, ನೀವು ಮಾಡಿನ ಅಡಿಯಲ್ಲಿ ಸುಲಿಯಲು ಕುಳಿತುಕೊಳ್ಳಿ. ಸಿಮೆಂಟು ಅಂಗಳದಿಂದ ಕಿರಣ ಕೆಳಗಿನಿಂದಲೂ ತಿರುಗಿ ಬಡಿಯುತ್ತದೆ, ಆದ್ದರಿಂದ ಅಂಗಳದ ಅಂಚಿನ ನೆರಳು ಪೂರ್ತಿ ನೆರಳಲ್ಲ. ತೋಟದ ಒಳಗಿನ ನೆರಳು ಅದಕ್ಕಿಂತ ಎಷ್ಟೋ ಒಳ್ಳೆಯದು.

ಉದ್ದ ತೋಳಿನ, ದಟ್ಟ ನೇಯ್ಗೆಯ, ಗಾಢ ಬಣ್ಣದ ಅಂಗಿ ಹಾಕಿ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಆಚೆಯದ್ದು ಕಂಡರೆ ಕಿರಣವೂ ದಾಟುತ್ತದೆ. ಒಗೆದೂ ಒಗೆದೂ ತೆಳ್ಳಗಾದ ಹತ್ತಿ ಅಂಗಿ ಬೆವರಿಗೆ ನೆನೆದರೆ ಇನ್ನೂ ಕಡೆ. ಸನ್‌ಸ್ಕ್ರೀನ್ ಕೊಳ್ಳುವಾಗ ಎಸ್‌ಪಿಎಫ್ (ಬಿಸಿಲು ತಡೆಯುವ ಅಂಕೆ) 30ಕ್ಕಿಂತ ಮೇಲಿನದ್ದು, 50 ಆದರೆ ಇನ್ನೂ ವಾಸಿ, ಏಕೆಂದರೆ ಎಲ್ಲರೂ ತೆಳ್ಳಗೆ ಹಚ್ಚುತ್ತಾರೆ. ಅತಿನೇರಳೆ ಕಿರಣದ ಒಂದು ಬಗೆಯಾದ ಯುವಿಎ ತಡೆಗೆ, ಟ್ಯೂಬಿನ ಮೇಲೆ ‘ಪಿಎ’ ಅಕ್ಷರದ ಪಕ್ಕದಲ್ಲಿ ಮೂರು ಕೂಡಿಸುವ ಗುರುತಾದರೂ ಇರಲಿ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೆ ಗೆರೆ ಹಿಂಡಿದರೆ ಮುಖ, ಕುತ್ತಿಗೆಗೆ ಬೇಕಾದಷ್ಟು, ಅಂದರೆ ಸುಮಾರು 2 ಗ್ರಾಂ. ಹೊರಗೆ ಹೋಗುವ 15ರಿಂದ 20 ನಿಮಿಷ ಮೊದಲು ಹಚ್ಚಬೇಕು, ಎರಡು ಗಂಟೆಗೊಮ್ಮೆ ಮತ್ತೆ. ದಿನಕ್ಕೆ ಎರಡು ಸಲ ಹಚ್ಚಿದರೂ 50 ಗ್ರಾಂ ಟ್ಯೂಬು ಹನ್ನೆರಡು ದಿನಕ್ಕೆ ಖಾಲಿ. ಮೂರು ತಿಂಗಳು ಬಂತು ಎಂದರೆ ಹಚ್ಚಿದ್ದು ಸಾಲಲಿಲ್ಲ. ಖರ್ಚು ಹೆಚ್ಚೆನಿಸಿದರೆ ಅಂಗಿ, ಟೊಪ್ಪಿಗೆ ಮೊದಲ ಹಣ ಹಾಕಿ, ಕ್ರೀಮು ಮುಖಕ್ಕೂ ಅಂಗೈ ಹಿಂಬದಿಗೂ ಮಾತ್ರ ಸಾಕು. ಮಳೆಗಾಲದ ಮೋಡವನ್ನು ನಂಬಬೇಡಿ, ತೆಳು ಮೋಡದಲ್ಲಿ ಬಹುಪಾಲು ಕಿರಣ ಇಳಿಯುತ್ತದೆ.

ಬಸ್ಸು, ಕಾರಿನ ಪಕ್ಕದ ಗಾಜು ಯುವಿಎ ಕಿರಣವನ್ನು ಪೂರ್ತಿ ತಡೆಯುವುದಿಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಬೆಳಗ್ಗೆ ಹೋಗುವಾಗ ಸೂರ್ಯ ಬಲಕ್ಕೆ, ಸಂಜೆ ಮರಳುವಾಗಲೂ ಬಲಕ್ಕೆ. ಎರಡು ಸಲವೂ ಎಡಗಡೆಯ ಸೀಟು ಹಿಡಿಯಿರಿ. ಬಿಸಿಲು ತಪ್ಪಿಸುವವರಿಗೆ ವಿಟಮಿನ್ ಡಿ ಕಡಿಮೆಯಾಗುವುದು ಸಹಜ, ಪರೀಕ್ಷಿಸಿಕೊಂಡು ಮಾತ್ರೆಯಲ್ಲಿ ತುಂಬಿಕೊಳ್ಳಬಹುದು. ‘ಎಳೆ ಬಿಸಿಲು ಕಾಯಿಸಿ’ ಎಂಬ ಸಲಹೆ ನಿಮಗಲ್ಲ.

ಪ್ರಶ್ನೆ: ಬೀಡಿ ಕಟ್ಟಿ ಮನೆ ನಡೆಸುತ್ತೇನೆ. ದಿನಕ್ಕೆ 700 ಕಟ್ಟುತ್ತಿದ್ದವಳಿಗೆ ಈಗ 300 ಆಗುತ್ತಿಲ್ಲ. ಬೆಳಗ್ಗೆ ಬೆರಳು ಮಡಚುವುದಿಲ್ಲ, ಮಳೆಗಾಲದಲ್ಲಿ ತುದಿ ಬೆಳ್ಳಗಾಗಿ ನೀಲಿಯಾಗುತ್ತದೆ. ಕೈ ಸೊಟ್ಟಗಾಗುತ್ತದೋ ಎಂದು ಹೆದರಿಕೆ. (ಕುಂಬಳೆ)

ಉತ್ತರ: ಮೊದಲು ಹೆದರಿಕೆಗೆ ಉತ್ತರ. ರುಮಟಾಯ್ಡ್ ಸಂಧಿವಾತದಲ್ಲಿ ಎಲುಬಿನ ತುದಿ ಸವೆಯುವಂತೆ ಲೂಪಸಿನಲ್ಲಿ ಸಾಮಾನ್ಯವಾಗಿ ಸವೆಯುವುದಿಲ್ಲ. ಕೆಲವರಿಗೆ ಬೆರಳು ವಾಲುತ್ತದೆ, ಆದರೆ ಇನ್ನೊಂದು ಕೈಯಿಂದ ಒತ್ತಿದರೆ ನೇರವಾಗುತ್ತದೆ. ಗಂಟನ್ನು ಬಿಗಿದು ಹಿಡಿಯುವ ಸುತ್ತಣ ಅಂಗಾಂಶ ಸಡಿಲವಾಗಿದೆ ಎಂದು ಅದರ ಅರ್ಥ. ಆ ಹಂತದಲ್ಲೇ ಫಿಸಿಯೋಥೆರಪಿಯವರನ್ನು ಕಂಡು ಬೆರಳಿನ ಪಟ್ಟಿ ಮಾಡಿಸಿಕೊಂಡರೆ ಹಿಡಿತ ಉಳಿಯುತ್ತದೆ.

ಬೆಳಗ್ಗೆ ಎದ್ದ ಕೂಡಲೇ ಕತ್ತರಿ ಹಿಡಿಯಬೇಡಿ. ಮೊಣಕೈಗೆ ಸಹಿಸುವಷ್ಟು ಬೆಚ್ಚಗಿನ ನೀರಲ್ಲಿ 10 ನಿಮಿಷ ಕೈ ಮುಳುಗಿಸಿ, ನೀರಿನೊಳಗೇ ನಿಧಾನಕ್ಕೆ ಮುಷ್ಟಿ ಕಟ್ಟಿ ಬಿಡಿಸಿ, ಹತ್ತು ಸಲ. ಎಲೆ ಕತ್ತರಿಸುವುದೇ ಹೆಬ್ಬೆರಳ ಬುಡಕ್ಕೆ ಹೆಚ್ಚು ಭಾರ. ಅದನ್ನು ಹಿಂದಿನ ಸಂಜೆ, ಕೈ ಸಡಿಲ ಇರುವಾಗ ಮಾಡಿಟ್ಟುಕೊಂಡು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಕತ್ತರಿಯ ಹಿಡಿಕೆಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ದಪ್ಪ ಮಾಡಿದರೆ ಬಿಗಿ ಹಿಡಿತ ಬೇಡ. ಅರ್ಧ ಗಂಟೆಗೊಮ್ಮೆ ಮೊರ ಕೆಳಗಿಟ್ಟು ಬೆರಳು ಬಿಡಿಸಿ. ಮನೆಕೆಲಸದಲ್ಲಿ ಬಟ್ಟೆ ಹಿಂಡುವುದನ್ನು ಬಿಡಿ, ನೀರಿಳಿಯಲು ಹಗ್ಗದ ಮೇಲೆ ಹಾಗೇ ಹಾಕಿ. ಕೊಡಪಾನವನ್ನು ಬಾಯಿಗೆ ಬೆರಳು ಸಿಕ್ಕಿಸಿ ಎತ್ತದೆ, ಎರಡು ಅಂಗೈಯಿಂದ ಬುಡ ಹಿಡಿದು ಅರ್ಧ ಮಾತ್ರ ತುಂಬಿ ಎತ್ತಿ. ಕಾಯಿ ತುರಿಯುವುದು ಬೇರೆಯವರ ಪಾಲು.

ತುದಿ ಬಿಳಿ, ನೀಲಿ, ಮತ್ತೆ ಕೆಂಪಾಗುವುದು ರೇನಾಡ್ಸ್. ತಂಪಿಗೆ ರಕ್ತನಾಳ ಸೆಟೆದುಕೊಳ್ಳುವುದು. ಕೈ ಮಾತ್ರ ಅಲ್ಲ, ಮೈಯೂ ಬೆಚ್ಚಗಿರಬೇಕು. ಜೋಮು ಹಿಡಿದ ಬೆರಳನ್ನು ಬಿಸಿನೀರಿಗೆ ಅದ್ದಬೇಡಿ, ಸುಟ್ಟದ್ದು ತಿಳಿಯುವುದಿಲ್ಲ. ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ. ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ನಿಕೋಟಿನ್ ರಕ್ತನಾಳವನ್ನು ಇನ್ನಷ್ಟು ಬಿಗಿಯುತ್ತದೆ, ಮತ್ತು ಬೀಡಿ ಕಟ್ಟುವವರ ಮೈಗೆ ಅದು ಸೇದದೆಯೂ ಚರ್ಮ, ದೂಳಿನ ಮೂಲಕ ಸೇರುತ್ತದೆ. ಮಾಸ್ಕ್ ಹಾಕಿ, ಗಾಳಿಯಾಡುವ ಜಗಲಿಯಲ್ಲಿ ಕೂತು, ಎದ್ದ ಕೂಡಲೇ ಸಾಬೂನಿನಲ್ಲಿ ಕೈ ತೊಳೆದರೆ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಬೆರಳ ತುದಿಯಲ್ಲಿ ಹುಣ್ಣು ಅಥವಾ ಕಪ್ಪು ಕಂಡರೆ ಅದೇ ದಿನ ಆಸ್ಪತ್ರೆಗೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೆ ನೆಲದ ಮೇಲೆ ಕೂತು ದುಡಿಯುವವರು ತಿಳಿದಿರಬೇಕು. ಸ್ಟೀರಾಯ್ಡ್ ಪಡೆದವರಿಗೆ ಚಕ್ಕಳಮಕ್ಕಳ ಹಾಕುವಾಗ ತೊಡೆಸಂದಿಯಲ್ಲಿ ನೋವು ಶುರುವಾದರೆ ಅದು ಗಂಟಿನ ಉರಿಯೂತ ಆಗಿರದೆ, ಸೊಂಟದ ಎಲುಬಿನ ತಲೆಗೆ ರಕ್ತ ಸಾಲದ ತೊಂದರೆಯೂ ಆಗಿರಬಹುದು. ಮೊದಮೊದಲು ಎಕ್ಸರೇಯಲ್ಲಿ ಕಾಣುವುದಿಲ್ಲ, ಎಂಆರ್‌ಐ ಬೇಕು. ಅಂಗಡಿಯ ನೋವಿನ ಮಾತ್ರೆ ನುಂಗುತ್ತಾ ದಿನ ದೂಡಬೇಡಿ. ಡೈಕ್ಲೋಫೆನಾಕ್‌ನಂಥವು ಮೂತ್ರಪಿಂಡಕ್ಕೆ ಕೆಡುಕು.

ಪ್ರಶ್ನೆ: ಹೆಂಡತಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟಿದ್ದಾರೆ. ಕಣ್ಣು ಹೋಗುತ್ತದೆ ಎಂದು ಹೆದರಿ ಬಿಟ್ಟು ಬಿಟ್ಟು ತಿನ್ನುತ್ತಾಳೆ. ತೂಕ 52 ಕೆ.ಜಿ. (ಅಧ್ಯಾಪಕ, ಮಂಜೇಶ್ವರ)

ಉತ್ತರ: ಲೂಪಸಿನ ಬುನಾದಿ ಮದ್ದು ಅದು. ಪ್ರಮಾಣ ದಿನಕ್ಕೆ ಕೆ.ಜಿ.ಗೆ 5 ಮಿ.ಗ್ರಾಂ ಮೀರದಿದ್ದರೆ ಮೊದಲ ಐದು ವರ್ಷ ಕಣ್ಣಿನ ಅಪಾಯ ತೀರಾ ಕಡಿಮೆ. 52 ಕೆ.ಜಿ.ಗೆ 260 ಮಿ.ಗ್ರಾಂ, ವಾರಕ್ಕೆ 1820. 200ರ ಮಾತ್ರೆಯಾದರೆ ವಾರಕ್ಕೆ ಒಂಬತ್ತು, ಅಂದರೆ ಐದು ದಿನ ಒಂದು, ಎರಡು ದಿನ ಎರಡು. ಈ ಲೆಕ್ಕ ಹಿಡಿದು ನೀವೇ ಬದಲಿಸಬೇಡಿ, ಚೀಟಿಯಲ್ಲಿ ದಿನಾ 400 ಇದ್ದರೆ ಡಾಕ್ಟರನ್ನು ಕೇಳಿ. ಮೂತ್ರಪಿಂಡ ಕೆಟ್ಟಿದ್ದರೆ ಲೆಕ್ಕವೇ ಬೇರೆ. ಶುರುವಿನಲ್ಲಿ ಒಮ್ಮೆ, ಐದು ವರ್ಷದ ನಂತರ ಪ್ರತಿವರ್ಷ ಕಣ್ಣಿನ ಒಳಪರದೆಯ (ರೆಟಿನಾ) ಸ್ಕ್ಯಾನ್ ಮತ್ತು ದೃಷ್ಟಿಕ್ಷೇತ್ರದ ಪರೀಕ್ಷೆ. ಊಟದ ಜತೆ ತಿಂದರೆ ಹೊಟ್ಟೆ ತೊಳಸುವುದಿಲ್ಲ. ಗ್ಯಾಸಿನ ಆಂಟಾಸಿಡ್‌ಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಗುಣ ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತದೆ, ಪೂರ್ತಿ ಕಾಣಲು ಇನ್ನೂ ಹೆಚ್ಚು. ಬಿಟ್ಟು ಬಿಟ್ಟು ತಿಂದವರಿಗೆ ಆ ದಿನ ಬರುವುದೇ ಇಲ್ಲ.

ಒಂದು ತಿಂಗಳ ಮಾತ್ರೆ ಯಾವಾಗಲೂ ಮನೆಯಲ್ಲಿರಲಿ. 2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆ ಇದೇ ಮದ್ದು ಎಂದು ಜನ ಮುಗಿಬಿದ್ದು ಲೂಪಸ್ ರೋಗಿಗಳಿಗೇ ಸಿಗದಾಯಿತು. ಅದೇ ಹೊತ್ತಿಗೆ ಕೇರಳ-ಕರ್ನಾಟಕ ಗಡಿಯ ತಲಪಾಡಿಯೂ ಮುಚ್ಚಿತು. ಗಡಿಯ ಈಚೆ ಕೂತು ಆಚೆಯ ಆಸ್ಪತ್ರೆಯನ್ನು ನಂಬಿದವರು ಆ ತಿಂಗಳನ್ನು ಮರೆಯಬಾರದು.

ಪ್ರಶ್ನೆ: ಮುಖ ಊದಿತೆಂದು ಮಗಳು ಸ್ಟೀರಾಯ್ಡ್ ಬಿಟ್ಟಿದ್ದಾಳೆ, ಎರಡು ದಿನ ಆಯಿತು. (ಉಪ್ಪಳ)

ಉತ್ತರ: ಈ ಸಂಚಿಕೆ ಬರುವ ಮೊದಲೇ ನಿಮಗೆ ತಿಳಿಸಿದ್ದೇವೆ. ಉಳಿದವರಿಗಾಗಿ ಇಲ್ಲಿ: ಮೂರು ನಾಲ್ಕು ವಾರಕ್ಕಿಂತ ಹೆಚ್ಚು ತಿಂದವರ ಅಡ್ರಿನಲ್ ಗ್ರಂಥಿ (ಮೂತ್ರಪಿಂಡದ ಮೇಲಿರುವುದು) ತಾನು ಹಾರ್ಮೋನು ಮಾಡುವುದನ್ನು ನಿಲ್ಲಿಸಿರಬಹುದು. ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ವಾಂತಿ, ತಲೆಸುತ್ತು, ಬಿಪಿ ಕುಸಿತ, ಪ್ರಾಣಕ್ಕೇ ಅಪಾಯ. ವಾಂತಿಯಿಂದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೂ ಹಾಗೆಯೇ, ಇಂಜೆಕ್ಷನ್ ಬೇಕಾಗಬಹುದು. ಪರ್ಸಿನಲ್ಲಿ ‘ಪ್ರೆಡ್ನಿಸೋಲೋನ್ (ಸ್ಟೀರಾಯ್ಡ್) ತೆಗೆದುಕೊಳ್ಳುತ್ತಿದ್ದೇನೆ’ ಎಂಬ ಚೀಟಿ ಇರಲಿ. ದೀರ್ಘಕಾಲಕ್ಕೆ ದಿನಕ್ಕೆ 5 ಮಿ.ಗ್ರಾಂ ಅಥವಾ ಅದಕ್ಕಿಂತ ಕೆಳಗೆ ತರುವುದೇ ಈಗಿನ ಚಿಕಿತ್ಸೆಯ ಗುರಿ, ಆದ್ದರಿಂದ ‘ಯಾವಾಗ ಇಳಿಸುತ್ತೀರಿ’ ಎಂದು ಕೇಳುವ ಹಕ್ಕು ಅವಳಿಗಿದೆ. ಅಲ್ಲಿಯವರೆಗೆ ಊತ ತಗ್ಗಲು ಉಪ್ಪು ಕಡಿಮೆ. ಸಾರಿನ ಉಪ್ಪಿಗಿಂತ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆಯದ್ದೇ ಲೆಕ್ಕ ಹೆಚ್ಚು. ಸೊಳೆ ಎಷ್ಟು ತೊಳೆದರೂ ಉಪ್ಪು ಪೂರ್ತಿ ಹೋಗುವುದಿಲ್ಲ.

ಪ್ರಶ್ನೆ: ಪ್ಲಸ್ ಟು ಓದುತ್ತಿದ್ದೇನೆ. ಓದಿದ್ದು ನೆನಪಲ್ಲಿ ನಿಲ್ಲುತ್ತಿಲ್ಲ, ಮಾತಾಡುವಾಗ ಪದ ಸಿಗುವುದಿಲ್ಲ. ಮೂರು ಗಂಟೆ ಬರೆದರೆ ಕೈ ನೋವು. (ವಿದ್ಯಾರ್ಥಿನಿ, ನೀರ್ಚಾಲು)

ಉತ್ತರ: ಇದನ್ನು ರೋಗಿಗಳು ಲೂಪಸ್ ಮಂಜು ಎನ್ನುತ್ತಾರೆ. ನಿನ್ನ ಬುದ್ಧಿ ಕಡಿಮೆಯಾದದ್ದಲ್ಲ, ಗಮನ ಮತ್ತು ನೆನಪು ಬೇಗ ದಣಿಯುವುದು. ದಿನದಲ್ಲಿ ತಲೆ ತಿಳಿಯಾಗಿರುವ ಎರಡು ಗಂಟೆ ಯಾವುದೆಂದು ಒಂದು ವಾರ ಬರೆದಿಟ್ಟು ನೋಡು. ಕಷ್ಟದ ವಿಷಯವನ್ನು ಅದಕ್ಕೇ ಇಡು, 25 ನಿಮಿಷ ಓದಿ 5 ನಿಮಿಷ ಎದ್ದು ಓಡಾಡು. ರಾತ್ರಿ ನಿದ್ದೆಗೆಟ್ಟು ಓದುವುದು ಬೇಡವೇ ಬೇಡ. ಕಿಟಕಿಯ ಪಕ್ಕದ ಬೆಂಚು ಬಿಟ್ಟು ಒಳಗಡೆ ಕೂರಿಸಲು ಟೀಚರಿಗೆ ಹೇಳು. ಆಟದ ಪೀರಿಯಡ್ ಬಿಸಿಲಿನಲ್ಲಿದ್ದರೆ ವಿನಾಯಿತಿ ಕೇಳು.

2016ರ ಅಂಗವಿಕಲರ ಹಕ್ಕು ಕಾನೂನಿನ 21 ಬಗೆಗಳ ಪಟ್ಟಿಯಲ್ಲಿ ಲೂಪಸಿನ ಹೆಸರಿಲ್ಲ. ಆದರೆ ಕೈಗಂಟಿನಿಂದ ಚಲನೆ ಕುಂದಿದ್ದರೆ ಆ ಕುಂದಿನ ಮೇಲೆ ಮೆಡಿಕಲ್ ಬೋರ್ಡ್ ಶೇಕಡಾ ಹೇಳಬಹುದು. ಹೆಚ್ಚುವರಿ ಸಮಯ, ಬರೆದುಕೊಡುವವರು ಬೇಕಿದ್ದರೆ ಅರ್ಜಿ ಶಾಲೆಯ ಮೂಲಕ ಪರೀಕ್ಷೆಗೆ ತಿಂಗಳುಗಳ ಮೊದಲೇ ಹೋಗಬೇಕು. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿ ಫಲವಿಲ್ಲ. ಹಠಾತ್ತಾಗಿ ಗೊಂದಲ, ಫಿಟ್ಸ್, ಎಂದೂ ಇಲ್ಲದ ತಲೆನೋವು ಬಂದರೆ ಅದು ಮಂಜು ಅಲ್ಲ, ತುರ್ತು.

ಪ್ರಶ್ನೆ: ದೂರದಿಂದ ಹೋಗಿ ಮೂರು ಗಂಟೆ ಕಾದರೆ ಡಾಕ್ಟರ ಹತ್ತಿರ ಸಿಗುವುದು ಐದು ನಿಮಿಷ. ಏನು ಹೇಳಬೇಕೋ ಮರೆಯುತ್ತದೆ. (ಮುಳ್ಳೇರಿಯ)

ಉತ್ತರ: ‘ಮೈಕೈ ನೋವು, ಸುಸ್ತು’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಅಳತೆಯಲ್ಲಿ ಹೇಳಿ: ಬೆಳಗ್ಗೆ ಬೆರಳು ಮಡಚಲು 40 ನಿಮಿಷ, ಕಳೆದ ಸಲ 20 ಇತ್ತು. ತಿಂಗಳಲ್ಲಿ ಕೆಲಸ ತಪ್ಪಿದ್ದು 6 ದಿನ. ಬಾವಿಯಿಂದ ಎರಡು ಕೊಡ ಸೇದಿದರೆ ಕೂರಬೇಕು. ಬಾಯಿಹುಣ್ಣು ಯಾವ ತಾರೀಕಿಗೆ. ಕೆಂಪು ಬಂದಾಗಲೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ, ಹೋಗುವ ದಿನಕ್ಕೆ ಅದು ಮಾಯವಾಗಿರುತ್ತದೆ. ಫೈಲಿನ ಮೇಲ್ಗಡೆ ಒಂದೇ ಹಾಳೆಯಲ್ಲಿ ಮದ್ದುಗಳ ಮೂಲ ಹೆಸರು, ಪ್ರಮಾಣ, ಕೊನೆಯ ಮೂತ್ರಪರೀಕ್ಷೆಯ ಪ್ರೋಟೀನ್, ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸದ ಅಳತೆ), ಬಿಪಿ. ಇಂಗ್ಲಿಷಿನಲ್ಲಿ ಬರೆಸಿಟ್ಟರೆ ಮಂಗಳೂರು, ಕಣ್ಣೂರು ಎರಡೂ ಕಡೆ ನಡೆಯುತ್ತದೆ. ನೊರೆ, ಬಾವು ಏನೂ ಇಲ್ಲದಿದ್ದರೂ ಮೂರು ತಿಂಗಳಿಗೊಮ್ಮೆ ಮೂತ್ರ ಪರೀಕ್ಷೆ ಊರ ಲ್ಯಾಬಿನಲ್ಲೇ ಮಾಡಿಸಿ, ಮೂತ್ರಪಿಂಡದ ಲೂಪಸ್ ಸದ್ದಿಲ್ಲದೆ ಬರುತ್ತದೆ.

ಚುಟುಕು ಉತ್ತರಗಳು

*ಸೀತಾಂಗೋಳಿ:* ಅಂಟುವ ರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ.

*ಅಡೂರು:* ಅಮೃತಬಳ್ಳಿ ಕಷಾಯ ಬೇಡ. ಅದು ರೋಗನಿರೋಧಕ ವ್ಯವಸ್ಥೆಯನ್ನು ಚುರುಕುಗೊಳಿಸುತ್ತದೆ ಎಂಬುದೇ ನಿಮಗೆ ತೊಂದರೆ. 2021ರಲ್ಲಿ ಮುಂಬೈಯ ವೈದ್ಯರು ಅದನ್ನು ಸೇವಿಸಿದವರಲ್ಲಿ ಯಕೃತ್ತಿನ ಉರಿಯೂತ ಕಂಡು ವರದಿ ಮಾಡಿದ್ದರು. ಮೊಳಕೆಕಾಳಿನ ಬಗ್ಗೆ ಕೇಳಿದ್ದಕ್ಕೆ: ಹೆಸರುಕಾಳು, ಹುರುಳಿಯ ಮೊಳಕೆ ಬೇಯಿಸಿ ತಿನ್ನಬಹುದು.

*ಪೈವಳಿಕೆ:* ಮಗು ಬೇಕೆಂದಿದ್ದರೆ ರೋಗ ಆರು ತಿಂಗಳಾದರೂ ತಣ್ಣಗಿರಬೇಕು. ಮೈಕೊಫೆನೊಲೇಟ್ ತಿನ್ನುತ್ತಿದ್ದರೆ ಗರ್ಭಕ್ಕೆ ಕನಿಷ್ಠ ಆರು ವಾರ ಮೊದಲು ಡಾಕ್ಟರು ಬೇರೆ ಮದ್ದಿಗೆ ಬದಲಿಸಬೇಕು, ಹೈಡ್ರಾಕ್ಸಿಕ್ಲೋರೋಕ್ವಿನ್ ನಿಲ್ಲಿಸಬಾರದು. ಆಂಟಿ-ರೋ ಮತ್ತು ಆಂಟಿಫಾಸ್ಫೋಲಿಪಿಡ್ ಪರೀಕ್ಷೆ (ಗರ್ಭಕ್ಕೆ ತೊಂದರೆ ಕೊಡಬಲ್ಲ ಪ್ರತಿಕಾಯಗಳ ರಕ್ತಪರೀಕ್ಷೆ) ಮೊದಲೇ ಆಗಲಿ.

*ಬಂದ್ಯೋಡು:* 100.4 ಡಿಗ್ರಿ ಮುಟ್ಟಿದ ಜ್ವರಕ್ಕೆ ‘ನಾಳೆ ನೋಡೋಣ’ ಬೇಡ. ರೋಗನಿರೋಧಕವನ್ನು ತಗ್ಗಿಸುವ ಮದ್ದಿನಲ್ಲಿರುವವರಿಗೆ ಸೋಂಕು ಬೇಗ ಏರುತ್ತದೆ. ಕ್ಲಿನಿಕ್ಕಿನಲ್ಲಿ ಲೂಪಸ್ ಇದೆ ಎಂದು ಮೊದಲೇ ಹೇಳಿ, ಸಲ್ಫಾ ಮಾತ್ರೆ ಕೆಲವರಿಗೆ ರೋಗ ಕೆರಳಿಸುತ್ತದೆ.